ಪ್ರಮೀಳಾ ಕಾಕು ಮತ್ತು ಭಾಲ್ಕಿಯ ಬೋಟು

ಬೋಟು ದಂಡೆ ಬಿಡುವ ಮೊದಲೇ ಪ್ರಮೀಳಾ ಕಾಕು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಸೆರಗು. ಬೋಟು ಹೊಯ್ದಾಡಿದರೆ ಹಿಡಿದುಕೊಳ್ಳಲು ಕೈಯೇ ಇರುತ್ತಿರಲಿಲ್ಲ. ಇದ್ದಿದ್ದರೂ ಅವರು ಬೋಟಿನ ಅಂಚು ಮುಟ್ಟುತ್ತಿರಲಿಲ್ಲ. ಬಿದ್ದರೆ ಬೀಳಲಿ, ಹೊಲಸು ಮುಟ್ಟಬಾರದು ಎನ್ನುವ ಹಾಗೆ ನೆಟ್ಟಗೆ ಕೂತಿರುತ್ತಿದ್ದರು. ಹಿಂದೆ ಇಂಜಿನ್ ಹತ್ತಿರ ನಿಂತ ಶೇಷರಾವ ಕಾಕಾ ಕೇಳುತ್ತಿದ್ದರು.

“ಹ್ಯಾಂಗ ಅನಸ್ತದ, ಪ್ರಮೀ?”

“ನಾತ ಹೊಡೀತದ.”

ಪ್ರತಿ ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ‘ಛಲೋ ಅದ’ ಅನ್ನುವ ಒಂದು ಮಾತು ಹೆಂಡತಿಯ ಬಾಯಿಂದ ಬರಲಿ ಅಂತ ಕಾಕಾ ಎಷ್ಟು ಕಾಯುತ್ತಿದ್ದರು ಎನ್ನುವುದು ನಮ್ಮ ಓಣಿಗೆಲ್ಲ ಗೊತ್ತಿತ್ತು.

ಅವು ಮಳೆ ಕೈಕೊಟ್ಟ ವರ್ಷಗಳು. ನಮ್ಮ ಕಡೆಯ ಜನ ಗಂಟು ಕಟ್ಟಿಕೊಂಡು ಹೈದರಾಬಾದ್, ಪುಣೆ, ಮುಂಬೈ ಅಂತ ಹೋಗುತ್ತಿದ್ದರು. ಔರಾದಿನಿಂದ ಬರುವ ಬಸ್ಸುಗಳ ನೆತ್ತಿಯ ಮೇಲೆ ಬರೀ ಕೊಡ, ಹಾಸಿಗೆ, ತಗಡಿನ ಪೆಟ್ಟಿಗೆ. ಅಂಥದ್ದರಲ್ಲಿ ಶೇಷರಾವ ಕಾಕಾ ಮುಂಬೈ ಬಿಟ್ಟು ಭಾಲ್ಕಿಗೆ ತಿರುಗಿ ಬಂದರು, ಲಾರಿಯಲ್ಲಿ ಒಂದು ಹಳೆಯ ಮೋಟರ್ ಬೋಟು ಹೇರಿಕೊಂಡು. ಬೀದರಿನ ನೌಬಾದದಲ್ಲಿ ಚಹಾಕ್ಕೆ ಲಾರಿ ನಿಲ್ಲಿಸಿದಾಗ ಜನ ಸುತ್ತ ನೆರೆದರಂತೆ. ಒಬ್ಬ ಕೇಳಿದನಂತೆ: “ಕಾಕಾ, ನೀರು ಹಿಂದಿನ ಲಾರ್ಯಾಗ ಬರ್ಲಾಕತ್ತದೇನ್ರಿ?”

ಅವರ ಮನೆ, ನನ್ನ ಹಿಟ್ಟಿನ ಗಿರಣಿ ಒಂದೇ ಗೋಡೆಗೆ ಇದ್ದವು. ನನ್ನ ಹತ್ತಿರ ಒಂದು ಟೆಂಪೋ ಇತ್ತು. ಹೀಗಾಗಿ ಕಾರಂಜಾ ಡ್ಯಾಮಿನ ನೀರಿಗೆ ಬೋಟು ಒಯ್ಯುವ ಕೆಲಸ ನನಗೇ ಬಿತ್ತು.

ಕಾಕುವಿಗೆ ಹೇಸಿಕೆ ಬರದ ವಸ್ತು ಲೋಕದಲ್ಲಿ ಇರಲಿಲ್ಲ. ಬಸ್ಸಿನ ಸೀಟಿಗೆ ಥೂ. ಹೋಟೆಲಿನ ಲೋಟಕ್ಕೆ ಥೂ. ಯಾರಾದರೂ ನೋಟು ಎಂಜಲು ಹಚ್ಚಿ ಎಣಿಸಿದರೆ ಆ ನೋಟನ್ನು ತೊಳೆದು, ದಾರದ ಮೇಲೆ ಒಣಹಾಕಿದ್ದನ್ನು ನಾನೇ ಕಂಡಿದ್ದೇನೆ. ನೀರನ್ನು ಮೂರು ಮಡಿಕೆ ಅರಿವೆಯಲ್ಲಿ ಸೋಸಿ, ಕಾಯಿಸಿ, ಆರಿಸಿ, ಮತ್ತೆ ಸೋಸುತ್ತಿದ್ದರು. ಹೊರಗೆ ಹೋದರೆ ಅದೇ ನೀರಿನ ತಂಬಿಗೆ ಜೊತೆಗೆ. ಬೇರೆ ಯಾರ ಮನೆಯಲ್ಲೂ ನೀರು ಮುಟ್ಟುತ್ತಿರಲಿಲ್ಲ. ಓಣಿಯವರು ಸೊಕ್ಕು ಅಂದರು. ಆದರೆ ಕಮಠಾಣದಲ್ಲಿ ಸ್ವಂತ ತಂಗಿಯ ಮನೆಗೆ ಹೋದಾಗಲೂ ತಂಬಿಗೆ ಬಗಲಲ್ಲೇ ಇರುತ್ತಿತ್ತು. ತಂಗಿ ಸಿಟ್ಟಾಗಿ, “ನಮ್ ನೀರಾಗ ಹುಳ ಬಿದ್ದಾವೇನ?” ಅಂದರೆ, “ಕಣ್ಣಿಗಿ ಕಾಣಂಗಿಲ್ಲವ್ವ, ಆದ್ರ ಇರ್ತಾವ” ಎಂದು ನಗದೆ ಹೇಳಿದ್ದರು.

ನಾನು ಸಾಲಿ ಬಿಟ್ಟು ಗಿರಣಿಗೆ ನಿಂತವನು. ಒಮ್ಮೆ ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಬೋರ್ಡು ಓದಲು ಬಾರದೆ ಪಕ್ಕದವನನ್ನು ಕೇಳಿದ್ದು ಕಾಕು ನೋಡಿಬಿಟ್ಟರು.

“ವೈಜೂ, ಮೀಸಿ ಬಂದಾವ, ಬೋರ್ಡ್ ಓದ್ಲಾಕ ಮಂದೀ ಮುಖ ನೋಡ್ತಿ. ನಿನಗ ಹೇಸಿಕಿ ಬರಂಗಿಲ್ಲೇನು?”

ಆ ಮಾತು ಮೈಗೆ ಹತ್ತಿದ ಮುಳ್ಳಿನ ಹಾಗೆ ಉಳಿಯಿತು. ಹಿಟ್ಟಿನ ಧೂಳಿನಲ್ಲಿ ಕೂತು ಓದಿ, ಎರಡು ಸಲ ಫೇಲಾಗಿ, ಹತ್ತನೇ ಇಯತ್ತೆ ಪಾಸಾದೆ. ಪೇಡಾ ಕೊಡಲು ಹೋದರೆ, “ಮೊದಲ ಕೈ ತೊಳಕೊಂಡು ಬಾ” ಅಂದರು. ತೊಳೆದುಕೊಂಡು ಹೋದ ಮೇಲೆ ಎರಡು ತಿಂದರು.

ಅಷ್ಟು ಹೇಸುವ ಹೆಂಗಸು ಬೋಟು ಹತ್ತುತ್ತಿದ್ದುದು ಯಾಕೆ ಅಂತ ಒಂದು ಸಲ ಕಾಕುವನ್ನೇ ಕೇಳಿದ್ದೆ. ಮುಂಬೈಯಲ್ಲಿ ಕಾಕಾ ಒಬ್ಬ ಸೇಠನ ಮೋಟರ್ ಲಾಂಚ್ ನಡೆಸುತ್ತಿದ್ದರು. ಹೊಸದಾಗಿ ಮದುವೆಯಾದಾಗ ಕಾಕು ಗಂಡನಿಗೆ ಬುತ್ತಿ ಕೊಡಲು ಅಲ್ಲಿಗೆ ಹೋದರಂತೆ.

“ನಾ ಹತ್ತಲಾಕ ಕಾಲ್ ಇಟ್ಟೆ. ಸೇಠಾನಿ ನನ್ನ ಕಾಲು ನೋಡಿದ್ಳು. ನೋಡಿ, ಕೆಳಗ ಪೇಪರ್ ಹಾಸಲಾಕ ಹೇಳಿದ್ಳು. ನಮ್ ಚಾಳಿನ ಗಟಾರ ದಾಟಿ ಬಂದ ಕಾಲು ಅದು. ಪೇಪರ್ ಮ್ಯಾಲ ನಿಂತು ಬುತ್ತಿ ಕೊಟ್ಟು ಇಳದ್ನಿ. ಅವತ್ತಿನಿಂದ ಇವರು ಒಂದೇ ಹಟ ಹಿಡದರು, ನಿನ್ನ ನಮ್ಮದೇ ಬೋಟಿನ್ಯಾಗ ಸೈರ್‌ಗಿ ಒಯ್ತೇನಿ ಅಂತ.”

ಆ ಸೇಠ ದಂಪತಿ ವರ್ಷದ ಕೊನೆಯ ಸೈರಿಗೆ, ನೀರಿನ ಮೇಲಿನ ವಿಹಾರಕ್ಕೆ, ಹೋಗುತ್ತಿದ್ದುದು ಬೇಸಿಗೆ ಮುಗಿಯುವಾಗ, ಮಳೆಗಾಲಕ್ಕೆ ಲಾಂಚನ್ನು ದಡಕ್ಕೆ ಎಳೆಯುವ ಮುಂಚೆ. ಕಾಕಾನ ತಲೆಯಲ್ಲಿ ಅದೇ ಅಚ್ಚೊತ್ತಿ ಕೂತಿತ್ತು. ದೀಪಾವಳಿ ಸುಮಾರಿಗೆ ನೀರು ತುಂಬಿರುತ್ತದೆ, ತಿಳಿಯಾಗಿರುತ್ತದೆ, ಆಗ ಹೋಗೋಣ ಅಂತ ನಾನು ಎಷ್ಟೋ ಸಲ ಹೇಳಿದೆ. “ಸೈರ್ ಅಂದ್ರ ಮಿರಗದ ಮಳಿ ಮುಂಚೆನೇ ಹೋಗ್ಬೇಕು, ನಿನಗೇನ ಗೊತ್ತದ” ಎಂದು ನನ್ನ ಬಾಯಿ ಮುಚ್ಚಿಸಿದರು. ಸಮುದ್ರ ಬೇಸಿಗೆಯಲ್ಲಿ ಬತ್ತುವುದಿಲ್ಲ, ನಮ್ಮ ಡ್ಯಾಮು ಬತ್ತುತ್ತದೆ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ. ವರ್ಷದಲ್ಲಿ ನೀರು ಅತಿ ಕೆಟ್ಟಿರುವ ಹೊತ್ತು ಹುಡುಕಿ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದರು.

ಆ ಕೊನೆಯ ವರ್ಷದ್ದನ್ನು ಬರೆಯುವಾಗ ಈಗಲೂ ನನ್ನ ಮೂಗಿಗೆ ಆ ವಾಸನೆ ಬರುತ್ತದೆ. ಡ್ಯಾಮು ನಡುವೆ ಒಂದು ಗುಂಡಿಯಾಗಿ ಉಳಿದಿತ್ತು. ಸುತ್ತ ಕಪ್ಪು ರಾಡಿ. ರಾಡಿಯ ತುಂಬ ಹೊಟ್ಟೆ ಉಬ್ಬಿದ ಮೀನು, ಅದರ ಮೇಲೆ ನೊಣ. ನೀರು ಹಸಿರಾಗಿ, ಅಂಬಲಿಯ ಹಾಗೆ ದಪ್ಪಗಾಗಿತ್ತು. ಔರಾದ ಕಡೆಯಿಂದ ದನ ಹೊಡೆದುಕೊಂಡು ಬಂದವರು ದಂಡೆಯಲ್ಲಿ ತಾಡಪತ್ರಿಯ ಗುಡಿಸಲು ಕಟ್ಟಿಕೊಂಡಿದ್ದರು. ಎಮ್ಮೆಗಳೂ ಅಲ್ಲೇ, ಮಕ್ಕಳೂ ಅಲ್ಲೇ. ಅವರ ನಡುವೆಯೇ ನಾವು ಬೋಟು ಇಳಿಸಿದೆವು. ಒಬ್ಬ ಮುದುಕ ನಮ್ಮನ್ನು ನೋಡಿ ಪಕ್ಕಕ್ಕೆ ಉಗುಳಿದ.

“ಮದಿವಿ ಮೆರವಣಿಗಿ ಎಲ್ಲಿಗಿ ಹೊಂಟದ್ರಿ ಸಾಹುಕಾರ?”

ಕಾಕಾ ಕೇಳಿಸದ ಹಾಗೆ ಇಂಜಿನ್ ಚಾಲೂ ಮಾಡಿದರು. ಆ ಗುಂಡಿಯಲ್ಲಿ ಎರಡು ಸುತ್ತು ಹೊಡೆದರು. ಬೋಟಿನ ತಳದಲ್ಲಿ ಯಾವಾಗಲೂ ನೀರು ಜಿನುಗಿ, ಇಂಜಿನ್ನಿಂದ ಸೋರಿದ ಡೀಸೆಲ್ ಅದರಲ್ಲಿ ಕೂಡಿಕೊಳ್ಳುತ್ತಿತ್ತು. ಕಾಕಾ ಅದನ್ನು ಡಬ್ಬಿಯಿಂದ ತೋಡಿ ಹೊರಗೆ ಚೆಲ್ಲುತ್ತಿದ್ದರು. ಹಿಂದಿನ ವರ್ಷಗಳಲ್ಲೂ ಚೆಲ್ಲಿದ್ದರು. ಅಷ್ಟು ನೀರಿನಲ್ಲಿ ಯಾರಿಗೂ ಕಂಡಿರಲಿಲ್ಲ. ಕಾಕು ಬೈಯುತ್ತಿದ್ದುದು ಸೀರೆಗೆ ಸಿಡಿದಾಗ ಮಾತ್ರ.

ತಿರುಗಿ ದಂಡೆಗೆ ಬಂದಾಗ ಒಬ್ಬ ಹೆಣ್ಣುಮಗಳು ಮೊಣಕಾಲುದ್ದ ರಾಡಿಯಲ್ಲಿ ಕೊಡ ಹಿಡಿದು ನಿಂತಿದ್ದಳು. ಸಂತಪುರದ ಚಂದ್ರಮ್ಮ. ಗಂಡ ಹೈದರಾಬಾದಿಗೆ ಕೆಲಸಕ್ಕೆ ಹೋಗಿದ್ದ, ಇವಳು ಮಕ್ಕಳು, ಎಮ್ಮೆ ಕಟ್ಟಿಕೊಂಡು ಇಲ್ಲಿಗೆ ಬಂದಿದ್ದಳು.

“ನಿಮ್ಮ ಸೈರ್ ಮುಗೀತೇನ್ರಿ ಆಯಿ?” ಎಂದು ಕಾಕುವನ್ನು ಕೇಳಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಟ್ಯಾಂಕರ್ ಬಂದಿಲ್ರಿ. ಇದನ್ನೇ ಸೋಸಿ ಕುಡೀತೇವಿ. ಜರಾ ನೋಡ್ರಿ ಇದ್ರಾಗ.”

ಕಾಕು ಕೊಡದೊಳಗೆ ಬಗ್ಗಿ ನೋಡಿದರು. ಹಸಿರು ನೀರಿನ ಮೇಲೆ ಎಣ್ಣೆಯ ಪದರ, ನವಿಲಿನ ಕತ್ತಿನ ಬಣ್ಣದ್ದು, ಮೆಲ್ಲಗೆ ತಿರುಗುತ್ತಿತ್ತು.

“ಕಾಸಿದ್ರ ಹೋಗ್ತದ,” ಕಾಕಾ ಹಿಂದಿನಿಂದ ಹೇಳಿದರು.

“ಹೋಗ್ತದೇನ್ರಿ?”

“ಹೋಗ್ತದ, ಪ್ರಮೀ. ಎಷ್ಟದ ಅದರಾಗ? ಎರಡು ಹನಿ.”

ಕಾಕು ಮೂಗಿನಿಂದ ಸೆರಗು ತೆಗೆದರು. ಕೊಡೆ ಮಡಚಿ ಇಟ್ಟರು. ಮೊದಲ ಸಲ ಬೋಟಿನ ಅಂಚು ಹಿಡಿದು ರಾಡಿಗೆ ಇಳಿದರು. ಸತ್ತ ಮೀನಿನ ಮೇಲೆ ಕಾಲು ಬಿತ್ತು, ಪಚಕ್ ಅಂತು, ಅವರು ಕೆಳಗೆ ನೋಡಲಿಲ್ಲ. ಚಂದ್ರಮ್ಮನ ಕೊಡ ವಾಲಿಸಿ ಬೊಗಸೆ ಒಡ್ಡಿದರು.

“ಬ್ಯಾಡ ಆಯಿ, ಬ್ಯಾನಿ ಬರ್ತದ,” ಚಂದ್ರಮ್ಮ ಕೊಡ ಹಿಂದಕ್ಕೆ ಎಳೆದಳು.

“ನಿನ್ನ ಮಕ್ಕಳಿಗಿ ಬರಂಗಿಲ್ಲೇನು?”

ಮೂರು ಮಡಿಕೆ ಅರಿವೆಯಲ್ಲಿ ಸೋಸಿದ ನೀರನ್ನಷ್ಟೇ ಕುಡಿದ ಬಾಯಿ ಅದು. ಬೊಗಸೆಯಲ್ಲಿದ್ದುದನ್ನು ಪೂರ್ತಿ ಕುಡಿದರು. ಗಂಟಲು ಎರಡು ಸಲ ಉಬ್ಬಿ ಹೊರಗೆ ನೂಕಿತು, ತಡೆದುಕೊಂಡರು. ತುಟಿಯ ಮೇಲೆ ಎಣ್ಣೆ ಮಿಂಚುತ್ತಿತ್ತು. ಆಮೇಲೆ ಬೋಟಿನ ಕಡೆ ತಿರುಗಿದರು.

“ಈಗ ಕೇಳ್ರಿ, ಹ್ಯಾಂಗ ಅನಸ್ತದ ಅಂತ.”

ಡೀಸೆಲ್ ತೋಡಿದ ಡಬ್ಬಿ ಕಾಕಾನ ಕೈಯಲ್ಲೇ ಇತ್ತು. ಆ ಹೊತ್ತಿನಲ್ಲಿ ಆ ಮನುಷ್ಯನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ, ಅಷ್ಟು ಹೇಸಿಕೆ ಬಂದಿತ್ತು. ಅವರು ಕೂತು ಇಂಜಿನ್ನಿನ ಬೋಲ್ಟು ಬಿಚ್ಚಲು ಶುರು ಮಾಡಿದರು.

ಕಾಕು ತಮ್ಮ ತಂಬಿಗೆಯನ್ನು ನೀರು ಸಮೇತ ಚಂದ್ರಮ್ಮನಿಗೆ ಕೊಟ್ಟು ಬಂದರು. ಭಾಲ್ಕಿ ಮುಟ್ಟುವವರೆಗೆ ಟೆಂಪೋದಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡರು. ಮರುದಿನದಿಂದ ಡ್ಯಾಮಿನ ದಂಡೆಗೆ ಹೋಗುವ ನನ್ನ ಟೆಂಪೋದಲ್ಲಿ ಬೋಟಿನ ಬದಲು ನೀರಿನ ಡ್ರಮ್ಮುಗಳು ಇರುತ್ತಿದ್ದವು. ಅವರ ಮನೆಯ ಬೋರಿನ ನೀರು. ಪ್ರತಿ ಡ್ರಮ್ಮಿನ ಬಾಯಿಗೆ ಮೂರು ಮಡಿಕೆ ಅರಿವೆ ಕಟ್ಟಿರುತ್ತಿತ್ತು. ಹೊತ್ತು ಹಾಕುತ್ತಿದ್ದವರು ಕಾಕಾ.

ಬೋಟು ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಉಳಿಯಿತು. ಮುಂದೆ ಒಳ್ಳೆಯ ಮಳೆಯಾಗಿ ಡ್ಯಾಮು ತುಂಬಿತು. ಆಗಲೂ ಕಾಕಾ ಅದನ್ನು ಅಲ್ಲಿಗೆ ಒಯ್ಯಲಿಲ್ಲ. ಸಂಜೆ ಅದರೊಳಗೆ ಕೂತಿರುತ್ತಿದ್ದರು. ಕಾಕು ಚಹಾ ತಂದು, ಹಲಗೆ ಒರೆಸಿ, ಎದುರಿಗೆ ಕೂರುತ್ತಿದ್ದರು. ಗಿರಣಿ ನಿಲ್ಲಿಸಿದಾಗ ಗೋಡೆಯಾಚೆಯಿಂದ ಕೇಳುತ್ತಿತ್ತು.

“ಹ್ಯಾಂಗ ಅನಸ್ತದ?”

“ಧೂಳು ಭಾಳ ಅದ. ವೈಜ್ಯಾನ ಗಿರಣೀದು.”

ಕಾಕಾ ತೀರಿಕೊಂಡ ಮೇಲೆ ಪುಣೆಯಿಂದ ಮಗಳು ಬಂದು ಕಾಕುವನ್ನು ಕರೆದುಕೊಂಡು ಹೊರಟಳು. ನಾನು ಅವರನ್ನು ಕೊನೆಗೆ ನೋಡಿದ್ದು ಅವತ್ತೇ. ಬೋಟು ಒಯ್ಯಲು ಬೀದರಿನಿಂದ ಗುಜರಿಯವನು ಬಂದಿದ್ದ. ಕೈಗೆಲ್ಲ ತುಕ್ಕು, ಗ್ರೀಸು. ಗುಟ್ಕಾ ಉಗುಳಿ, ಬಾಯಿ ಒರೆಸಿಕೊಂಡು, ಅದೇ ಕೈಯನ್ನು ಬೋಟಿನ ಅಂಚಿಗೆ ಹಾಕಹೋದ.

“ನಿಂದ್ರೋ,” ಅಂದರು ಕಾಕು.

ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ಒಂದು ತುಂಡು ಸಾಬೂನು ತಂದರು. ಗುಜರಿಯವನು ನನ್ನ ಮುಖ ನೋಡಿದ. ಒಡೆದು ಮಾರುವ ಸಾಮಾನಿಗೆ ಕೈ ಯಾಕೆ ತೊಳೆಯಬೇಕು ಅಂತ ಅವನಿಗೆ ತಿಳಿಯಲಿಲ್ಲ.

“ಮೊಣಕೈ ತನಕ ತೊಳಿ,” ಎಂದು ಕಾಕು ನೀರು ಸುರಿದರು. ಅವನು ಒರೆಸಿಕೊಳ್ಳಲು ಪ್ಯಾಂಟಿನ ಕಡೆ ಕೈ ಒಯ್ದ. ಅವರು ತಮ್ಮ ಸೆರಗು ಮುಂದೆ ಚಾಚಿದರು.

“ಈಗ ಎತ್ತು.”