ಗಾಜಿನ ತೊಟ್ಟಿಗೆ ಮೆತ್ತಿದ ಮುದ್ದೆ

ಮಧ್ಯಾಹ್ನ ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮೊದಲು ನೀರು ಅಲುಗಿತು, ಆಮೇಲೆ ನೆಲ.

ಈ ಮಾತನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಗೊತ್ತಿಲ್ಲ. ಮೊನ್ನೆ ಮತ್ತೆ ಹೇಳಿಕೊಳ್ಳುವ ಹಾಗಾಯಿತು. ಮೊಮ್ಮಗಳು ತನ್ನ ಮೀನಿನ ತೊಟ್ಟಿಯ ನೀರು ಬದಲಾಯಿಸುತ್ತಿದ್ದಳು. ಹಳೆಯ ನೀರನ್ನು ಬಕೆಟ್ಟಿಗೆ ಸುರಿದಾಗ ಪಾಚಿಯ, ಒದ್ದೆ ಕಲ್ಲಿನ ಹಸಿ ವಾಸನೆ ನನ್ನ ಕೋಣೆಗೆಲ್ಲ ಹಬ್ಬಿತು. ಅದೇ ಹೊತ್ತಿಗೆ ಬೀದಿಯಲ್ಲಿ ಲಾರಿಯೊಂದು ಹಾದುಹೋಯಿತು. ಬಕೆಟ್ಟಿನ ನೀರಿನ ಮೇಲೆ ಸಣ್ಣ ಬಳೆಗಳಂಥ ಉಂಗುರಗಳೆದ್ದವು. ಏನಾಯಿತೆಂದು ತಿಳಿಯುವ ಮೊದಲೇ ನಾನು ಮಗುವಿನ ತೋಳು ಹಿಡಿದು ಬಾಗಿಲ ಕಡೆಗೆ ಎಳೆದಿದ್ದೆ... ಅವಳು ಹೆದರಿ ಅತ್ತಳು. ಲಾರಿ ಕಣೇ, ಬರೀ ಲಾರಿ ಎಂದು ನಾನೇ ಸಮಾಧಾನ ಹೇಳಿದೆ.

ಆ ವಾಸನೆ ನಮ್ಮ ಪಕ್ಕದ ಮನೆ ಅಕ್ಕನ ಮನೆಯದು.

ನಾವಾಗ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನಲ್ಲಿ, ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಯಲ್ಲಿದ್ದೆವು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಅಪ್ಪ ಗಣಿಯ ಆಸ್ಪತ್ರೆಯಲ್ಲಿ ಗುಮಾಸ್ತರು. ನಾನು ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದು, ರಜೆಗೆ ಮಾತ್ರ ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ ಊರಿಗೆ ಬರುತ್ತಿದ್ದೆ. ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ತಗಡು. ಅಕ್ಕ ಬೂದಿಕೋಟೆಯ ಕಡೆಯ ಒಕ್ಕಲು ಮನೆಯವರು. ಅವರ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಭಾವ ಗಣಿಯೊಳಗೆ, ಮೇಲಿನ ಬಂಡೆ ಕುಸಿಯದ ಹಾಗೆ ಮರದ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವ ಗುಂಪಿನಲ್ಲಿದ್ದರು.

ಒಂದು ವರ್ಷ ಲೈನಿನಲ್ಲಿ ಚಳಿಜ್ವರ ಹೆಚ್ಚಾದಾಗ ಸೊಳ್ಳೆ ನಿವಾರಣೆಯವರು ಡಬ್ಬದಲ್ಲಿ ಮೀನು ತಂದು ನೀರಿನ ತೊಟ್ಟಿಗಳಿಗೆಲ್ಲ ಬಿಟ್ಟರು. ಬೆರಳ ತುದಿಯಷ್ಟು ಮೀನು. ಈಗ ಅಂಗಡಿಗಳಲ್ಲಿ ಗಪ್ಪಿ ಎನ್ನುತ್ತಾರೆ, ನಮಗೆ ಅವು ಸೊಳ್ಳೆಮೀನು. ಅಕ್ಕ ಕೇಳಿ ನಾಲ್ಕಾರು ಇಸಿದುಕೊಂಡರು. ಕರೆಂಟಿನ ಮನೆಯಿಂದ ಎಸೆದಿದ್ದ ದೊಡ್ಡ ಬ್ಯಾಟರಿಯ ಗಾಜಿನ ತೊಟ್ಟಿಯೊಂದನ್ನು ಭಾವ ಹೊತ್ತು ತಂದುಕೊಟ್ಟರು. ಎರಡು ಕಲ್ಲಿನ ಮೇಲೆ ಹಲಗೆ, ಹಲಗೆಯ ಮೇಲೆ ತೊಟ್ಟಿ, ಬಾಗಿಲ ಬೆಳಕು ಬೀಳುವ ಕಡೆ. ಊರಿಂದ ಬಂದ ಅವರತ್ತೆ ಅದನ್ನು ಬಗ್ಗಿ ನೋಡಿ, ಸಾರಿಗೂ ಸಾಲದ ಮೀನಿಗೆ ಇಷ್ಟು ದೊಡ್ಡ ಮನೆಯೇ, ನನ್ನ ಮಗನಿಗೇ ಕಾಲು ಚಾಚಲು ಜಾಗವಿಲ್ಲವಲ್ಲ ಎಂದಿದ್ದರಂತೆ.

ಸೊಳ್ಳೆಮೀನು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಹಾಕಿದ ಮರುಕ್ಷಣವೇ ತಿರುಗಿ ಅದನ್ನು ನುಂಗುತ್ತದೆ. ಮೊದಲ ಸಲ ಇದನ್ನು ಕಂಡಾಗ ಅಕ್ಕ ಒಂದು ದಿನ ಊಟ ಬಿಟ್ಟರಂತೆ. ಆಮೇಲೆ ಅದಕ್ಕೊಂದು ಉಪಾಯ ಮಾಡಿದರು. ಹೊಟ್ಟೆ ಉಬ್ಬಿ, ಬಾಲದ ಹತ್ತಿರದ ಕಪ್ಪು ಮಚ್ಚೆ ದೊಡ್ಡದಾದ ಮೀನನ್ನು ಬಿದಿರಿನ ಪುಟ್ಟಿಯೊಳಗೆ ಬಿಟ್ಟು, ಆ ಪುಟ್ಟಿಯನ್ನು ತೊಟ್ಟಿಯ ನೀರಿನಲ್ಲೇ ದಾರದಿಂದ ತೂಗುಹಾಕುತ್ತಿದ್ದರು. ಹುಟ್ಟಿದ ಮರಿಗಳು ಹೆಣಿಗೆಯ ಸಂದಿನಿಂದ ಕೆಳಗೆ ಜಾರಿ ಪಾಚಿಯೊಳಗೆ ಅಡಗುತ್ತಿದ್ದವು. ತಾಯಿಗೆ ಆ ಸಂದು ಸಾಲದು. ಮರಿ ಹಾಕಿ ಮುಗಿದ ಮೇಲೆ ತಾಯಿಯನ್ನು ಬೇರೆ ಮಡಕೆಗೆ ದಾಟಿಸುವುದು, ಬೇಯಿಸಿದ ಮೊಟ್ಟೆಯ ಹಳದಿಯನ್ನು ಉಗುರಿನಲ್ಲಿ ಉಜ್ಜಿ ಮರಿಗಳಿಗೆ ಹಾಕುವುದು... ದೊಡ್ಡದಾದವನ್ನು ಲೈನಿನವರೆಲ್ಲ ತಮ್ಮ ತಮ್ಮ ತೊಟ್ಟಿಗೆ ಒಯ್ಯುತ್ತಿದ್ದರು.

ಆದರೆ ಅಕ್ಕ ಹೊತ್ತೆಲ್ಲ ಆ ತೊಟ್ಟಿಯ ಮುಂದೆ ಕೂರುತ್ತಿದ್ದುದು ಮೀನಿಗಾಗಿ ಮಾತ್ರವಲ್ಲ. ಅದು ನನಗೆ ತಡವಾಗಿ ತಿಳಿಯಿತು. ಗಣಿಯ ಆಳದಲ್ಲಿ ಬಂಡೆ ಒತ್ತಡ ತಾಳದೆ ಒಮ್ಮೊಮ್ಮೆ ಸಿಡಿಯುತ್ತಿತ್ತು. ನಾವು ಅದನ್ನು ಬ್ಲಾಸ್ಟು ಎನ್ನುತ್ತಿದ್ದೆವು. ದೊಡ್ಡದಾದರೆ ಮೇಲೆ ಮನೆಗಳೇ ನಡುಗುತ್ತಿದ್ದವು. ಸಣ್ಣದು ಕಾಲಿಗೆ ತಿಳಿಯುತ್ತಿರಲಿಲ್ಲ, ತೊಟ್ಟಿಯ ನೀರಿಗೆ ತಿಳಿಯುತ್ತಿತ್ತು. ಭಾವ ಕೆಳಗಿಳಿದಾಗಿನಿಂದ ಮೇಲೆ ಬರುವವರೆಗೆ ಅಕ್ಕನ ಕಣ್ಣು ಆ ನೀರಿನ ಮೇಲಿರುತ್ತಿತ್ತು.

ಇನ್ನೊಂದು ಕಟ್ಟಳೆಯಿತ್ತು. ಮನೆಯ ಗಂಡಸು ಗಣಿಯೊಳಗಿರುವಾಗ ಯಾವ ಪಾತ್ರೆಯೂ ಬರಿದಾಗಬಾರದು, ಹೊಸಿಲಾಚೆ ನೀರು ಚೆಲ್ಲಬಾರದು. ಲೈನಿನ ಹಿರಿಯ ಹೆಂಗಸರು ಅದನ್ನು ಹೊಸ ಸೊಸೆಯರಿಗೆ ಹೇಳಿಕೊಡುತ್ತಿದ್ದರು. ಹಾಗಾಗಿ ಅಕ್ಕ ಮೀನಿನ ನೀರು ಬದಲಾಯಿಸುತ್ತಿದ್ದುದು ಭಾವ ಬಂದ ಮೇಲೆಯೇ. ಮೊದಲ ಚೊಂಬನ್ನು ಅವರ ಕೈಯಿಂದಲೇ ಹೊರಗೆ ಚೆಲ್ಲಿಸುತ್ತಿದ್ದರು. ಮೈಯೆಲ್ಲ ಧೂಳಾದ ಭಾವ ನಗುತ್ತಾ, "ನಾನ್ ಬದುಕಿ ಬರಾದೇ ನಿನ್ ಮೀನಿಗೆ ನೀರ್ ಚೆಲ್ಲಾಕೆ ಕಣಮ್ಮೀ," ಎನ್ನುತ್ತಿದ್ದರು.

ಆ ದಿನ ಭಾವನದು ಬೆಳಗಿನ ಪಾಳಿ. ಪುಟ್ಟಿಯಲ್ಲಿದ್ದ ಮೀನು ಮರಿ ಹಾಕುತ್ತಿದೆ ಎಂದು ಅಕ್ಕ ಗೋಡೆ ತಟ್ಟಿ ಕರೆದರು. ಪಾಳಿ ಮುಗಿಯುವ ಸೈರನ್ನು, ನಮ್ಮ ಮಾತಿನಲ್ಲಿ ಸಂಗು, ಕೂಗಲು ಎಷ್ಟು ಹೊತ್ತಿದೆ ನೋಡಿಕೊಂಡು ಬಾ ಎಂದಿದ್ದರಿಂದ ಗಡಿಯಾರ ನೋಡಿಯೇ ಹೋದೆ. ಇಬ್ಬರೂ ತೊಟ್ಟಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತೆವು. ಮರಿಯೊಂದು ಮುದುರಿಕೊಂಡು ಬಿತ್ತು, ಬಿಚ್ಚಿಕೊಂಡಿತು, ಪಾಚಿಗೆ ಓಡಿತು. ಎರಡು ಕಣ್ಣಲ್ಲದೆ ಬೇರೆ ಮೈಯೇ ಇಲ್ಲದಂಥ ಮರಿ. ನಾನು ಏನೋ ಹೇಳಲು ಬಾಯಿ ತೆರೆದಿದ್ದೆ. ಅಕ್ಕ ನನ್ನ ಮೊಣಕೈ ಹಿಡಿದರು. ನೀರಿನ ಮೇಲೆ ಉಂಗುರಗಳೆದ್ದಿದ್ದವು.

ಆಮೇಲಿನದು ಸದ್ದೋ ಹೊಡೆತವೋ ಈಗಲೂ ನನಗೆ ಹೇಳಲು ಬಾರದು. ಕೆಳಗಿನಿಂದ ಯಾರೋ ನೆಲವನ್ನು ಒನಕೆಯಿಂದ ಗುದ್ದಿದ ಹಾಗಾಯಿತು. ತಗಡು ಕಿರುಚಿತು, ಗೂಡಿನ ಪಾತ್ರೆಗಳು ಉರುಳಿದವು, ಸೂರಿನಿಂದ ಮಣ್ಣು ಸುರಿಯಿತು. ನಡುಕ ನಿಂತ ಮೇಲೆ ನೋಡಿದರೆ ತೊಟ್ಟಿಯ ಮೂಲೆಯಿಂದ ತಳದವರೆಗೆ ಕೂದಲೆಳೆಯಂಥ ಬಿರುಕು. ಅದರಿಂದ ನೀರು ಒಸರಿ ಹಲಗೆಯ ಮೇಲೆ ಹರಿದು, ಹೊಸಿಲ ಕಡೆಗೆ ಹೊರಟಿತ್ತು.

ಅಕ್ಕ ಎರಡೂ ಅಂಗೈಗಳನ್ನು ಬಿರುಕಿಗೆ ಒತ್ತಿ ಹಿಡಿದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಮ್ಮಣ್ಣಿ, ಮುದ್ದೆ ತತ್ತಾ. ನಮ್ಮೋರ್ಗೆ ಇಟ್ಟಿರೋದು, ಒಲೆ ತಾವ ಐತೆ."

ಭಾವನ ಊಟಕ್ಕೆಂದು ಮುಚ್ಚಿಟ್ಟ ರಾಗಿಮುದ್ದೆ ಇನ್ನೂ ಬೆಚ್ಚಗಿತ್ತು. ನಾನು ಮುರಿದು ಕೊಡುತ್ತಾ ಹೋದೆ, ಅವರು ಬಿರುಕಿನುದ್ದಕ್ಕೂ ಮೆತ್ತಿದರು. ಹರಿಯುತ್ತಿದ್ದುದು ತೊಟ್ಟಿಕ್ಕತೊಡಗಿತು. ನಿಲ್ಲಲಿಲ್ಲ. ಮೀನನ್ನೆಲ್ಲ ಮಡಕೆಗೆ ಹಾಕಿಬಿಡೋಣ, ತೊಟ್ಟಿ ಹೋದರೆ ಹೋಗಲಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಅವರು ಹೆದರಿದ್ದು ಮೀನು ಸಾಯುತ್ತದೆಂದಲ್ಲ. ಭಾವ ಇನ್ನೂ ಕೆಳಗಿದ್ದಾರೆ, ಮನೆಯಲ್ಲಿ ತುಂಬಿದ್ದ ಪಾತ್ರೆಯೊಂದು ತಾನಾಗಿಯೇ ಬರಿದಾಗುತ್ತಿದೆ. ಹೊರಗೆ ಹೆಂಗಸರು ಗಣಿಗಿಳಿಯುವ ಬಾಯಿಯಾದ ಷಾಫ್ಟಿನ ಕಡೆಗೆ ಓಡುತ್ತಿದ್ದರು. ನಾವೆಲ್ಲ ಪಾಟಿ ಎನ್ನುತ್ತಿದ್ದ ಎದುರುಮನೆಯ ತಮಿಳು ಅಜ್ಜಿ ಬಾಗಿಲಲ್ಲಿ ನಿಂತು, "ಇಲ್ಲೇ ಕೂತಿದೀಯಾ ಕಣ್ಣು? ವಾ, ಬಾ, ಎಲ್ರೂ ಗೇಟ್ ತಾವ ಓಗ್ತಾವ್ರೆ," ಎಂದು ಕರೆದರು.

"ನೀನ್ ನಡಿ ಪಾಟಿ. ನಾನ್ ಕೈ ತೆಗ್ಯಂಗಿಲ್ಲ."

ಪಾಟಿ ತೊಟ್ಟಿಯನ್ನು ನೋಡಿದರು, ಹೊಸಿಲ ಹತ್ತಿರದ ನೀರನ್ನು ನೋಡಿದರು. ತಮ್ಮ ಸೆರಗಿನಿಂದ ಆ ನೀರನ್ನು ಒತ್ತಿ ಒಳಗಡೆಗೇ ಹಿಂಡಿ ಹೋದರು.

ನಾನು ನೀರು ಹೊಯ್ಯತೊಡಗಿದೆ. ಸೋರಿದಷ್ಟು ತುಂಬುವುದು, ತುಂಬಿದಷ್ಟು ಸೋರುವುದು. ಅಷ್ಟರಲ್ಲಿ ಇನ್ನೊಂದು ಕಂಡೆವು. ನೆಲ ನಡುಗಿದಾಗ ಪುಟ್ಟಿ ವಾಲಿಕೊಂಡು, ತಾಯಿಮೀನು ಹೊರಗೆ ಬಂದಿತ್ತು. ಪಾಚಿಯ ಸುತ್ತ ನಿಧಾನವಾಗಿ ತಿರುಗುತ್ತಿತ್ತು. ಒಂದು ಮರಿ ನೋಡನೋಡುತ್ತಾ ಇಲ್ಲವಾಯಿತು. "ಅವಳ್ನ ಇಡ್ಕೋ ಅಮ್ಮಣ್ಣಿ, ನುಂಗ್ತಾವ್ಳೆ," ಎಂದರು ಅಕ್ಕ. ಅವರು ಬಿರುಕಿನಿಂದ ಕೈ ತೆಗೆಯುವಂತಿರಲಿಲ್ಲ. ನಾನು ಲೋಟ ಮುಳುಗಿಸಿ ಅಟ್ಟಿದೆ. ಅಟ್ಟಿದಷ್ಟೂ ಅದು ಜಾರಿತು. ಕೊನೆಗೆ ಲೋಟಕ್ಕೆ ಸಿಕ್ಕಾಗ, ಅದೇಕೋ ಅದರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮಡಕೆಗೆ ಬಿಟ್ಟು ಮುಚ್ಚಳ ಮುಚ್ಚಿದೆ.

ಆಗಲೇ ಎರಡನೇ ನಡುಕ ಬಂತು. ಮೊದಲಿನದಕ್ಕಿಂತ ಸಣ್ಣದು. ಬಿರುಕು ಗಾಜಿನೊಳಗೆ ಟಿಕ್ ಎಂದಿತು. ಅಕ್ಕ ತೊಟ್ಟಿಯನ್ನು ಮಗುವನ್ನು ಅವುಚುವಂತೆ ಎದೆಗೆ ಅವುಚಿಕೊಂಡರು. ಗಾಜು ಒಡೆದರೆ ಅವರ ಕತ್ತಿಗೇ ಬರುತ್ತಿತ್ತು. ಬಿಡಿ ಎಂದು ನಾನು ಕೂಗಲಿಲ್ಲ. ನೀರು ಹೊಯ್ಯುತ್ತಲೇ ಇದ್ದೆ. ವಿಜ್ಞಾನ ಓದುತ್ತಿದ್ದ ಹುಡುಗಿ ನಾನು. ಒಂದು ತೊಟ್ಟಿಯ ನೀರಿಗೂ ಅಷ್ಟು ಆಳದ ಒಬ್ಬ ಮನುಷ್ಯನಿಗೂ ಏನು ಸಂಬಂಧ ಎಂದು ಕಾಲೇಜಿನಲ್ಲಿ ಕೇಳಿದ್ದರೆ ನಕ್ಕಿರುತ್ತಿದ್ದೆ. ಅಲ್ಲಿ ಆ ಹೊತ್ತಿನಲ್ಲಿ, ನೀರು ಬೆರಳಷ್ಟು ಇಳಿದರೆ ನನ್ನ ಉಸಿರೂ ಇಳಿಯುತ್ತಿತ್ತು.

ಅಕ್ಕನ ಕೊಡದಲ್ಲಿ ನೀರು ಮುಗಿಯುತ್ತಾ ಬಂತು. ಅದನ್ನೂ ಬರಿದು ಮಾಡುವಂತಿಲ್ಲ, ತಳದಲ್ಲಿ ಎರಡು ಬೆರಳಷ್ಟು ಬಿಡು ಎಂದರು. ಬೇತಮಂಗಲದ ಕೆರೆಯ ನಲ್ಲಿ ನೀರು ಬರುವುದು ಬೆಳಗ್ಗೆ ಮಾತ್ರ. ನಮ್ಮ ಮನೆಗೆ ಓಡಿ ಅಮ್ಮನ ಹಂಡೆಯಿಂದ ತರುತ್ತೇನೆ ಎಂದೆ, ಅದು ತಾಮ್ರದ್ದು, ಆ ನೀರು ಮೀನಿಗೆ ಆಗದು ಎಂದರು ಅಕ್ಕ. ಆ ಹೆದರಿಕೆಯಲ್ಲೂ ಅದು ನೆನಪಿತ್ತು. ಕುಡಿಯುವ ಮಣ್ಣಿನ ಹೂಜಿಯಿಂದ, ಎದುರುಮನೆ ಮಡಕೆಯಿಂದ, ಎಲ್ಲ ಕಡೆ ತಳದಲ್ಲಿ ಒಂದಿಷ್ಟು ಉಳಿಸಿ ಉಳಿಸಿ ತಂದೆ. ಹೋಗಿ ಬರುವಾಗಲೆಲ್ಲ ದಾರಿಯವರು ಹೇಳಿದ ಸುದ್ದಿಯೊಂದೇ: ಮೇಲೆ ಬರುತ್ತಿದ್ದಾರೆ, ಮರದ ಗುಂಪಿನವರು ಮಾತ್ರ ಬಂದಿಲ್ಲ. ಆ ಸುದ್ದಿಯನ್ನು ನಾನು ಒಳಗೆ ತರಲಿಲ್ಲ.

ಬಾಗಿಲ ಬೆಳಕು ಕೆಂಪಾಗಿ, ಆಮೇಲೆ ಬೂದಿಯಾಗಿ... ಯಾವಾಗಲೋ ಆ ಬೆಳಕಿಗೆ ಯಾರೋ ಅಡ್ಡ ನಿಂತರು. ಭಾವ. ತಲೆಯಿಂದ ಪಾದದವರೆಗೆ ಬಂಡೆಯ ಬಣ್ಣ. ಕಣ್ಣು ಮಾತ್ರ ಮನುಷ್ಯನದು.

ಅಕ್ಕ ಕೈ ತೆಗೆಯಲಿಲ್ಲ. "ಒಳೀಕ್ ಬರ್‌ಬ್ಯಾಡಿ. ಮೊದ್ಲು ನೀರ್ ಚೆಲ್ಲಿ," ಎಂದರು.

ನಾನು ಚೊಂಬು ಕೊಟ್ಟೆ. ಭಾವ ಅದನ್ನು ಹೊಸಿಲಾಚೆ ಚೆಲ್ಲಿದರು. ಆಗ ಅಕ್ಕನ ಕೈಗಳು ತಾವಾಗಿಯೇ ಕೆಳಗೆ ಬಿದ್ದವು. ಬೆರಳುಗಳು ಮಡಚಿಕೊಂಡೇ ಉಳಿದಿದ್ದವು, ನಾನು ಒಂದೊಂದಾಗಿ ಬಿಡಿಸಿದೆ. ಭಾವ ಗೋಡೆಗೊರಗಿ ಕೂತು, ಹಸಿವು ಎಂದರು.

"ನಿಮ್ ಮುದ್ದೆ ಗಾಜು ತಿಂತು," ಎಂದರು ಅಕ್ಕ. ನಗಲು ಹೋಗಿ ಬಿಕ್ಕಿದರು.

ಇನ್ನೊಂದು ದಿಮ್ಮಿ ತರಲು ಹಿಂದಕ್ಕೆ ಹೋಗಿದ್ದರಿಂದ ಭಾವ ಉಳಿದಿದ್ದರು. ಅವರ ಜೊತೆಯ ಇಬ್ಬರು ಉಳಿಯಲಿಲ್ಲ.

ಆಮೇಲೆ ಭಾವ ಬಿರುಕಿಗೆ ಅರಗು ಕಾಯಿಸಿ ಹಾಕಿ ತೊಟ್ಟಿಯನ್ನು ಸರಿಮಾಡಿದರು. ಉಳಿದ ಮರಿಗಳು ಅದರಲ್ಲೇ ಬೆಳೆದವು. ಆದರೆ ಮೀನಿನ ವಿಷಯಕ್ಕೆ ನಗುತ್ತಿದ್ದ ಭಾವ ಈಗ ತಾವೇ ತೊಟ್ಟಿಯ ಮುಂದೆ ಕೂರತೊಡಗಿದರು. ಪಾಳಿ ಮುಗಿಸಿ ಬಂದವರು ಮಲಗುತ್ತಿರಲಿಲ್ಲ. ದೀಪ ಹಚ್ಚಿಟ್ಟು ನೀರು ನೋಡುವುದು. ಗೋಡೆಯಾಚೆಯಿಂದ ಎರಡೇ ಮಾತು ಕೇಳಿಸುತ್ತಿದ್ದವು. ಅಲುಗ್ತಾ? ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, ಅಲುಗ್ತಾ? ನಾನೂ ಈಚೆ ಕಡೆ ಕಣ್ಣು ಬಿಟ್ಟುಕೊಂಡು ಆ ಉತ್ತರಕ್ಕೆ ಕಾಯುತ್ತಿದ್ದೆ. ಕೆಲವು ಸಲ ಉತ್ತರ ಬರುತ್ತಿರಲಿಲ್ಲ. ಆಗ ಇಬ್ಬರೂ ಎದ್ದು ಹೊರಗೆ ಬಂದು ನಿಲ್ಲುವ ಸದ್ದು.

ಅಕ್ಕ ನನಗೆ ಒಂದು ದಿನ ಹೇಳಿದರು. ನೀರು ಮತ್ತೆ ಮತ್ತೆ ಅಲುಗುತ್ತಿದೆ, ದೊಡ್ಡದೇ ಬರಲಿದೆ ಎಂದು ಭಾವ ಗಾಬರಿಯಾದಾಗ, ಅವರು ಬಗ್ಗಿ ನೋಡಿದರಂತೆ. ಭಾವನ ಮೊಣಕಾಲು ಹಲಗೆಗೆ ತಾಗಿತ್ತು. ಅದೇ ನಡುಗುತ್ತಿತ್ತು. "ನೆಲ ಅಲ್ಲ ಅಮ್ಮಣ್ಣಿ, ಅವ್ರೇ ಅಲುಗ್ತಾವ್ರೆ. ಇನ್ ಈ ನೀರ್ ನೋಡ್ತಾ ಕೂತ್ರೆ ಬ್ಲಾಸ್ಟ್ ಬ್ಯಾಡ, ಇದೇ ಸಾಕು," ಎಂದರು.

ಆದರೂ ಅವಸರ ಮಾಡಲಿಲ್ಲ. ಮರಿಗಳು ದೊಡ್ಡ ಮೀನಿನ ಬಾಯಿಗೆ ಹಿಡಿಸದಷ್ಟು ಬೆಳೆಯುವವರೆಗೆ ಕಾದರು. ನನ್ನ ರಜೆ ಮುಗಿಯುವ ಹೊತ್ತಿಗೆ, ಭಾವನಿಗೆ ಪಾಳಿ ಇಲ್ಲದ ಒಂದು ದಿನ, ಗಂಡಹೆಂಡತಿ ಮೀನನ್ನೆಲ್ಲ ಮಡಕೆಯಲ್ಲಿ ಒಯ್ದು ಲೈನಿನ ತೊಟ್ಟಿಗೆ ಬಿಟ್ಟರು. ಮರಿಗಳು ಒಂದು ಗಳಿಗೆ ಗುಂಪಾಗಿ ನಿಂತು, ಚದುರಿಹೋದವು. ಆಮೇಲೆ ಗಾಜಿನ ತೊಟ್ಟಿಯನ್ನು ಇಬ್ಬರೂ ಹಿಡಿದು, ಕೊನೆಯ ಹನಿಯವರೆಗೆ ಹೊಸಿಲಾಚೆ ಬಗ್ಗಿಸಿ, ಬೇಲಿಯ ಹತ್ತಿರ ಬೋರಲು ಹಾಕಿದರು. ಬಿರುಕಿನ ಸಂದಿನಲ್ಲಿ ಒಣಗಿದ ರಾಗಿ ಇನ್ನೂ ಕಪ್ಪಗೆ ಅಂಟಿತ್ತು.

ಆ ರಾತ್ರಿ ಗೋಡೆಯಾಚೆ ಯಾರೂ ಏನನ್ನೂ ಕೇಳಲಿಲ್ಲ. ಬೆಳಗ್ಗೆ ನಾನು ಕಣ್ಣು ಬಿಟ್ಟಾಗ ತಗಡಿನ ಮೇಲೆ ಬಿಸಿಲಿತ್ತು. ಪಕ್ಕದ ಮನೆ ಬಾಗಿಲು ಇನ್ನೂ ಹಾಕಿತ್ತು. ಹಾಲಿನವನು ಎರಡು ಸಲ ಕೂಗಿ, ಒಳಗಿನ ಗೊರಕೆ ಕೇಳಿ, ಚೊಂಬಿಗೆ ಹಾಲು ಹಾಕಿಟ್ಟು ಹೋದ.

ಕೆಳಗಿನ ಬಂಡೆ ಬದಲಾಗಿರಲಿಲ್ಲ. ಭಾವ ಆ ಮಧ್ಯಾಹ್ನದ ಪಾಳಿಗೇ ಮತ್ತೆ ಇಳಿದರು. ಎಷ್ಟು ವರ್ಷ ಹಾಗೆ ಇಳಿದು ಹತ್ತಿದರೋ... ಓದು ಮುಗಿದು, ಮದುವೆಯಾಗಿ ನಾನು ದೂರ ಹೋದೆ. ಬಹಳ ಕಾಲದ ಮೇಲೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೂದಿಕೋಟೆಯ ಹೆಂಗಸೊಬ್ಬರು ಸಿಕ್ಕಿ, ಮೊದಲು ಭಾವ, ಆಮೇಲೆ ಅಕ್ಕ, ಇಬ್ಬರೂ ಊರಿನಲ್ಲೇ ಹೋದರು ಎಂದರು. ಹಾಸಿಗೆಯಲ್ಲಿಯೇ ಎಂದು ಕೇಳಿದೆ. ಹೌದು, ನಿದ್ದೆಯಲ್ಲಿ ಎಂದರು. ನಾನು ಯಾಕೆ ಹಾಗೆ ಕೇಳಿದೆನೆಂದು ಅವರಿಗೆ ತಿಳಿದಿರಲಾರದು.

ಮೊಮ್ಮಗಳ ತೊಟ್ಟಿಯಲ್ಲಿ ಈಗೊಂದು ಮೀನಿನ ಹೊಟ್ಟೆ ಉಬ್ಬಿದೆ. ನಾಳೆ ಅವಳಿಗೊಂದು ಪುಟ್ಟಿ ಹುಡುಕಿಕೊಡಬೇಕು. ತೊಟ್ಟಿಯನ್ನು ಮಾತ್ರ ನನ್ನ ಕೋಣೆಯಿಂದ ಹಜಾರಕ್ಕೆ ಸರಿಸಲು ಹೇಳಿದ್ದೇನೆ. ಕುಡಿಯುವ ನೀರಿನ ಲೋಟವನ್ನೂ ಮಲಗುವ ಮುಂಚೆ ಬರಿದು ಮಾಡಿ, ಬೋರಲು ಹಾಕಿಯೇ ದೀಪ ಆರಿಸುತ್ತೇನೆ.