ಕಣಕದ ಮುದ್ದಿ

ಎಪ್ಪತ್ತರ ದಶಕದ ಮಾತು. ಬಸ್ಸಿನ ಕಂಡಕ್ಟರ್ ಆಗಿದ್ದ ನನ್ನ ಬಲಗೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮ್ಯಾಲೂ ಟಿಕೀಟಿಗೆ ತೂತು ಹೊಡಿಯೂ ಪಂಚ್ ಒತ್ತಾಕ ಬರವಲ್ದು. ಬಿಜಾಪುರದ ಡಾಕ್ಟರು, "ಗೋದಿ ಹಿಟ್ಟಿನ ಕಣಕ ದಿನಾ ಹಿಚುಕ್ರಿ, ಬೆರಳಿಲೆ ಚಿವುಟಿ ಎಳೀರಿ. ಕೈಗೆ ಬಿಗಿ ಬಂದ್ರಷ್ಟ ಡ್ಯೂಟಿಗೆ ಕಳಸ್ತೀನಿ" ಅಂದಿದ್ರು.

ಕೈ ತೋರಿಸೂ ದಿನ ಟಿಕೋಟಾದಾಗ ಬಸ್ ಹತ್ತಿದೆ. ನೌಕರಿ ಹೋದ್ರ ಹೆಂಗ ಅನ್ನೂ ಅಂಜಿಕಿಗೆ ದಾರಿಯುದ್ದಕ್ಕೂ ಕಣಕ ಚಿವುಟಾಕತ್ತಿದ್ದೆ. ಬಾಜೂಕ ಕೂಸಿನ ಜೋಡಿ ಕುಂತಿದ್ದ ಹೆಣ್ಣಮಗಳು ನನ್ನ ಕೈ ನೋಡಿದ್ಲು. ಎಳೆದೂ ಎಳೆದೂ ಕಣಕಕ್ಕ ಕೈಕಾಲು ಮೂಡಿದಂಗ ಆಗಿತ್ತು. ಅದ ಹೊತ್ತಿಗೆ ಕೂಸು ಕಿಟಾರನೆ ಚೀರಿತು.

"ಯಪ್ಪಾ, ಹಿಟ್ಟಿನ ಗೊಂಬಿ ಮಾಡ್ಯಾನ್ರಿ! ನನ್ನ ಕೂಸಿಗೆ ಮಾಟ ಮಾಡಾಕತ್ತಾನ!"

ಬಸ್ ನಿಂತಿತು. "ಡಾಕ್ಟರ್ ಹೇಳ್ಯಾರ್ರಿ" ಅಂದೆ. ಹಿಟ್ಟು ಹಿಚುಕಾಕ ಹೇಳೂ ಡಾಕ್ಟರನ್ನ ಅಲ್ಲಿ ಯಾರೂ ಕಂಡಿರಲಿಲ್ಲ. ಮುಂದ ಕುಂತಿದ್ದ ವಯಸ್ಸಾದ ಚಾಚಾ ಒಬ್ರು ತಿರುಗಿ, "ಮಾಟದ್ದಲ್ಲಂದ್ರ ತಿಂದು ತೋರ್ಸಪಾ" ಅಂದ್ರು.

ಮುಂಜಾನಿಂದ ನನ್ನ ಬೆವರು ಕುಡಿದ ಹಸಿ ಕಣಕ. ಒಂದು ಚೂರೂ ಬಿಡಲಾರ್ದ ನುಂಗಿದೆ. ಬಸ್ ಹೊಂಟಿತು, ಆಕಿ ಮಾತ್ರ ಮಾರಿ ತಿರುವಿಕೊಂಡು ಕುಂತ್ಲು.

ಬಿಜಾಪುರದಾಗ ಇಳಿಯೂ ಮುಂದ ಆಕಿಗೆ ಗಂಟು ಎತ್ತಾಕ ಕೈ ಸಾಲಲಿಲ್ಲ. ಅತ್ತಿತ್ತ ನೋಡಿ, ಕೂಸನ್ನ ನನ್ನ ಮುಂದ ಹಿಡಿದು, "ತಗೋ ಯಣ್ಣಾ, ಗಟ್ಟಿ ಹಿಡಿ" ಅಂದ್ಲು. ಆಕಿ ಗಂಟು ಇಳಿಸೂತನಕ ಮುರಿದಿದ್ದ ಬಲಗೈಲೆ ಕೂಸನ್ನ ಗಟ್ಟಿ ಹಿಡಿದೆ, ಬಿಡಲಿಲ್ಲ.

ದವಾಖಾನ್ಯಾಗ ಡಾಕ್ಟರು, "ಕಣಕ ಎಲ್ಲೈತಿ? ಬಿಗಿ ಬಂತೋ ಇಲ್ಲೋ?" ಅಂತ ಕೇಳಿದ್ರು.

"ಕಣಕ ಹೊಟ್ಟ್ಯಾಗ ಐತ್ರಿ. ಕೂಸು ಬೀಳಲಿಲ್ರಿ" ಅಂದೆ.

ಡಾಕ್ಟರು ನನ್ನ ಕೈ ಬಿಟ್ಟು ಹಣಿ ಮುಟ್ಟಿ ನೋಡಿದ್ರು.