ಅಮ್ಮನಿಗೆ ಬಿಟ್ಟ ಹುಂಜ

ಏಳು ಹುಂಜ ಇರುವ ಮನೆಯಲ್ಲಿ ನೆಮ್ಮದಿಯಾಗಿ ಕೂತು ಒಂದು ಲೋಟ ಕಾಫಿ ಕುಡಿದವರು ಯಾರಾದರೂ ಇದ್ದರೆ ಬಂದು ನನಗೂ ಹೇಳಿಕೊಡಲಿ. ಎರಡು ಗುಟುಕು ಇಳಿಯುವಷ್ಟರಲ್ಲಿ ಹಿತ್ತಲಲ್ಲಿ ಕಿರುಚಾಟ ಏಳುತ್ತಿತ್ತು. ನಾನು ಲೋಟ ಕೆಳಗಿಟ್ಟು, ಕೋಲು ಹಿಡಿದು ಓಡುತ್ತಿದ್ದೆ.

ಶುರುವಾದದ್ದು ಒಂದೇ ಒಂದು ಹೇಂಟೆಯಿಂದ. ಗೌನಿಪಲ್ಲಿಯ ತವರಿನಿಂದ ಬಸ್ಸಿನಲ್ಲಿ, ಮಾವಿನಕಾಯಿ ಚೀಲದ ಪಕ್ಕ ಇಟ್ಟುಕೊಂಡು, ಹೋಳೂರಿನ ಹತ್ತಿರದ ನಮ್ಮೂರಿಗೆ ತಂದ ಕೆಂಚು ಕೋಳಿ, ಕೆಂಚಿ. ನನ್ನ ದನಿ ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿತ್ತು. ಅದು ಕಾವಿಗೆ ಕೂತಾಗ ಅತ್ತೆ ಮೊಟ್ಟೆಗಳನ್ನು ಒಂದೊಂದೇ ಎತ್ತಿ ನೋಡಿ, ಚೂಪಾದವನ್ನು ಸಾರಿಗೆ ತೆಗೆದಿಟ್ಟು, ದುಂಡಗಿದ್ದ ಹನ್ನೊಂದನ್ನು ಮಂಕರಿಯಲ್ಲಿ ಜೋಡಿಸಿದರು.

"ದುಂಡಗಿರೋದೆಲ್ಲ ಹೇಂಟೇನೇ ಆಗೋದು. ನೋಡ್ತಾ ಇರು" ಎಂದರು.

ಒಂಬತ್ತು ಮರಿ ಒಡೆದವು. ಅವಕ್ಕೆ ಹತ್ತು ದಿನವಾಗಿದ್ದಾಗ, ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳಿಗೆ ಡೆಂಗಿ ಬಂತು. ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಪ್ಲೇಟ್‌ಲೆಟ್ ಇಳಿಯುತ್ತಲೇ ಇದೆ ಎಂದು ನರ್ಸ್ ಹೇಳಿಹೋದರು. ಮಂಚದ ಕಂಬಿ ಹಿಡಿದುಕೊಂಡು ನಮ್ಮೂರಮ್ಮನಿಗೆ ಹೇಳಿಕೊಂಡೆ: "ಮನೇಲಿರೋ ಮರಿಗಳಲ್ಲಿ ಯಾವ ಹುಂಜ ಎಲ್ಲಕ್ಕಿಂತ ಚೆನ್ನಾಗಿ ಬೆಳೆಯುತ್ತೋ ಅದು ನಿಂದೇ ಕಣಮ್ಮ. ಮಗು ಉಳಿಸಿಕೊಡು."

ಮಗಳು ಉಳಿದಳು. ಎಡವಟ್ಟಾಗಿದ್ದು ನನ್ನ ಮಾತಿನಲ್ಲಿ. ನಮ್ಮ ಕಡೆ ಹರಕೆ ಹೊರುವವರು ಒಂದು ಮರಿಯನ್ನು ಹಿಡಿದು, ಕಾಲಿಗೆ ಅರಿಶಿನದ ದಾರ ಕಟ್ಟಿ, "ಇದು ನಿನಗೆ" ಎಂದು ಬಿಡುತ್ತಾರೆ. ಆಮೇಲೆ ಅದು ಕುಂಟಾದರೂ ಕುರುಡಾದರೂ ಅಮ್ಮನದೇ. ನಾನೋ, ಚೆನ್ನಾಗಿ ಬೆಳೆದದ್ದು ಎಂದುಬಿಟ್ಟಿದ್ದೆ. ಚೆನ್ನಾಗಿ ಬೆಳೆದದ್ದು ಯಾವುದು ಎಂದು ತಿಳಿಯಲು ಎಲ್ಲವೂ ಬೆಳೆಯಬೇಕಲ್ಲ! ಜುಟ್ಟು ಕೆಂಪಾಗುತ್ತ ಬಂದ ಹಾಗೆ ಅತ್ತೆಯ ಮುಖವೂ ಕೆಂಪಾಯಿತು. ಒಂಬತ್ತರಲ್ಲಿ ಏಳು ಹುಂಜ.

ಮೊಪೆಡ್ಡಿನಲ್ಲಿ ನಾಟಿ ಕೋಳಿ ಕೊಳ್ಳುವವನು ಬಂದರೆ ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. "ಯಾವುದು ಅಮ್ಮನ ಸೊಮ್ಮೋ ಯಾರಿಗ್ ಗೊತ್ತು? ಇನ್ನೂ ಬೆಳೀಲಿ."

ಬೆಳೆದವು. ಒಂದನ್ನೊಂದು ಕುಕ್ಕಿ ರಕ್ತ ಮಾಡಿಕೊಂಡವು. ಅದು ಹಾಳಾಗಿಹೋಗಲಿ, ಗುಂಪುಗಟ್ಟಿ, ಸಾಕಿದ ತಾಯಿಯನ್ನೇ ಅಟ್ಟಾಡಿಸಿದವು. ಅದರ ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣಿಸಿತು. ಹಳೇ ರವಿಕೆಯ ತುಂಡು ಹೊಲಿದು ಬೆನ್ನಿಗೆ ಕಟ್ಟಿದೆ. ಅರ್ಧ ದಿನದಲ್ಲಿ ಹರಿದುಹಾಕಿದವು. ಮಂಕರಿ ಕವುಚಿ ಒಳಗಿಟ್ಟರೆ ಕೆಂಚಿ ಮೇವು ಬಿಟ್ಟಿತು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರೂ ನನ್ನ ಕಿವಿ ಹಿತ್ತಲಲ್ಲೇ. ಗಂಡ ನಕ್ಕರೆ ಮೈ ಉರಿಯುತ್ತಿತ್ತು.

ಶಿವರಾತ್ರಿ ಕಳೆಯುವಷ್ಟರಲ್ಲಿ ಯಾವುದು ಚೆನ್ನಾಗಿದೆ ಎಂದು ಊರಿಗೇ ಗೊತ್ತಾಗಿತ್ತು. ಬೆಂಕಿಯಂಥ ಬಣ್ಣ, ಮುರಿಯದ ಜುಟ್ಟು, ಗತ್ತಿನ ನಡಿಗೆ. ಕೆಂಚಿಯನ್ನು ಎಲ್ಲಕ್ಕಿಂತ ಹೆಚ್ಚು ಗೋಳಾಡಿಸಿದ್ದೂ ಅದೇ. ಅಮ್ಮನ ಪೂಜೆ ಯುಗಾದಿ ಆದ ಮೇಲೆ. ಅದಕ್ಕೆ ದಾರ ಕಟ್ಟಿದರೆ ಅಲ್ಲಿಯವರೆಗೆ ಕೂಡಿಹಾಕುವಂತಿಲ್ಲ, ಬೆದರಿಸುವಂತಿಲ್ಲ.

ಒಂದು ಬೆಳಿಗ್ಗೆ ಮಂಕರಿ ಎತ್ತಿದೆ. ಕೆಂಚಿ ನನ್ನ ದನಿ ಕೇಳಿಯೂ ಮೂಲೆ ಬಿಟ್ಟು ಬರಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಏಳರಲ್ಲಿ ಒಂದು ಕುಂಟ ಹುಂಜವಿತ್ತು. ಮಿಕ್ಕವುಗಳಿಂದ ಕುಕ್ಕಿಸಿಕೊಂಡು, ಜುಟ್ಟು ಹರಿದು, ಬೇಲಿ ಪಕ್ಕ ತನ್ನ ಪಾಡಿಗೆ ಕೆದಕುತ್ತಿತ್ತು. ಅದನ್ನೇ ಹಿಡಿದು ಕಾಲಿಗೆ ದಾರ ಕಟ್ಟಿದೆ.

"ಏನಮ್ಮಾ, ಬುದ್ಧಿ ಕೆಟ್ಟಿದ್ಯಾ? ಮಗಳ ಹರಕೆಗೆ ಕುಂಟು ಹುಂಜಾನಾ?" ಎಂದರು ಅತ್ತೆ.

"ನನ್ನ ಕಣ್ಣಿಗೆ ಇದೇ ಚೆನ್ನಾಗಿ ಬೆಳೆದಿರೋದು" ಎಂದೆ. ಅತ್ತೆ ಒಳಗೆ ಹೋಗಿ ದೇವರ ಮುಂದೆ ಕೂತರು.

ಮಿಕ್ಕ ಆರನ್ನೂ ಅವತ್ತೇ ಮೊಪೆಡ್ಡಿನವನಿಗೆ ಕೊಟ್ಟೆ. ಬೆಂಕಿ ಬಣ್ಣದ್ದು ತಲೆಕೆಳಗಾಗಿ ನೇತಾಡುತ್ತ ಹೋಗುವಾಗಲೂ ಕೂಗುತ್ತಿತ್ತು. ನಾಲ್ಕು ದಿನಕ್ಕೆ ಕೆಂಚಿ ಅಂಗಳಕ್ಕೆ ಇಳಿಯಿತು. ಹದಿನೈದು ದಿನಕ್ಕೆ ಬೆನ್ನಿನ ಮೇಲೆ ಮುಳ್ಳು ಮುಳ್ಳಾಗಿ ಹೊಸ ಪುಕ್ಕ ಬಂತು.

ಈಗ ಹಿತ್ತಲು ತಣ್ಣಗಿದೆ, ಕಾಫಿ ಬಿಸಿಯಾಗಿರುವಾಗಲೇ ಮುಗಿಯುತ್ತದೆ. ಯುಗಾದಿಗೆ ಇನ್ನೂ ಎಂಟು ದಿನ. ಇವತ್ತು ಬೆಳಿಗ್ಗೆ ಮಗಳು ಶೂ ಹಾಕಿಕೊಳ್ಳುತ್ತ ಎರಡು ಸಲ ಕೆಮ್ಮಿದಳು. ನಾನು ಅವಳ ಹಣೆ ಮುಟ್ಟುವ ಮೊದಲೇ, ಬೇಲಿ ಪಕ್ಕ ಕೆದಕುತ್ತಿದ್ದ ಆ ಕುಂಟ ಹುಂಜದ ಕಾಲಿನ ದಾರ ನೋಡಿದೆ.